ಎತ್ತದ ಎಡಗೈ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೂ ಬೆಟ್ಟಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಕಾರಿನ ಗಾಜಿನೊಳಗಿಂದ ನೋಡಲು ಬೆಟ್ಟ ಚೆನ್ನಾಗಿಯೇ ಇರುತ್ತದೆಂದು ಅವರು ಒಪ್ಪುತ್ತಿದ್ದರು. ಆದರೆ ಕಾರು ಹೋಗದ ಜಾಗಕ್ಕೆ ಮನುಷ್ಯ ಯಾಕೆ ಹೋಗಬೇಕು ಎಂಬುದು ಅವರಿಗೆ ಈ ವಯಸ್ಸಿನವರೆಗೂ ಅರ್ಥವಾಗಿರಲಿಲ್ಲ. ಹೀಗಿದ್ದೂ ವಸಂತ ಮುಗಿಯುತ್ತ ಬಂದ ಒಂದು ಭಾನುವಾರ, ಬೀದಿಯವರೆಲ್ಲ ಮುಸುಕೆಳೆದು ಮಲಗಿರುವ ಹೊತ್ತಿನಲ್ಲಿ, ಮನೆಯ ಮೆಟ್ಟಿಲ ಮೇಲೆ ಕೂತು ಹಳೇ ಬೂಟಿನ ಲೇಸು ಕಟ್ಟುತ್ತಿದ್ದರು.

"ಮೈ ಸರಿಯಿಲ್ಲ ಅಂತ ಫೋನ್ ಮಾಡಿಬಿಡ್ಲಾ?" ಎಂದು ಒಳಗಿದ್ದ ಹೆಂಡತಿಯನ್ನು ಕೇಳಿದರು.

"ಮಾಡಿ," ಎಂದಳು ಆಕೆ. "ನಾಳೆ ಬೆಳಗ್ಗೆ ನಿಮ್ಮ ಬಾಯಿ ಅವರ ಕೈಯಲ್ಲಿ ಇರುತ್ತೆ. ಅದನ್ನ ನೆನಪಿಟ್ಕೊಂಡು ಮಾಡಿ."

ಮೇಷ್ಟ್ರು ಇನ್ನೊಂದು ಬೂಟನ್ನೂ ಹಾಕಿಕೊಂಡರು.

ಕಾರಣ, ಹಲ್ಲು. ಬಲಗಡೆ ಕೆಳಗಿನ ದವಡೆ ಹಲ್ಲೊಂದರ ನರ ತೆಗೆದು, ಒಳಗೆಲ್ಲ ಕೊರೆದು, ಸದ್ಯಕ್ಕೆಂದು ಮೇಲೊಂದಿಷ್ಟು ಸಿಮೆಂಟು ಮೆತ್ತಿ ಕಳಿಸಿದ್ದರು ಹಲ್ಲಿನ ಡಾಕ್ಟರು. ಕ್ಯಾಪು ಕೂರಿಸುವುದೊಂದು ಬಾಕಿ ಇತ್ತು. ಇಂಥ ಸ್ಥಿತಿಯಲ್ಲಿ ಡಾಕ್ಟರನ್ನು ಎದುರುಹಾಕಿಕೊಳ್ಳುವುದೆಂದರೆ, ಅರ್ಧ ಗಡ್ಡ ಹೆರೆದಿರುವಾಗ ಕ್ಷೌರದವನ ಜೊತೆ ಜಗಳ ತೆಗೆದ ಹಾಗೆ.

ಡಾಕ್ಟರ ಕ್ಲಿನಿಕ್ಕು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ 'ನೋವಿಲ್ಲದ ದಂತ ಚಿಕಿತ್ಸೆ' ಎಂಬ ಬೋರ್ಡು. ಕಾಯುವ ಕೋಣೆಯಲ್ಲಿ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಒಂಟಿ ಮೀನು. ಅದೂ ಸದಾ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಒಳಗೆ ಹೋದರೆ ಕುರ್ಚಿ, ಕಣ್ಣು ಕುಕ್ಕುವ ದೀಪ, ದೀಪದ ಪಕ್ಕ ಡಾಕ್ಟರ ಮುಖ. ಕುರ್ಚಿಯ ಹಿಂದೆ ಇನ್ನೊಂದು ಪುಟ್ಟ ಕೋಣೆ. ಅಲ್ಲಿ ಡಾಕ್ಟರ ತಮ್ಮ ಕೂತು ಹಲ್ಲಿನ ಸೆಟ್ಟು, ಕ್ಯಾಪು ಮಾಡುತ್ತಿದ್ದ. ಮೈಯೆಲ್ಲ ಬಿಳಿ ಪುಡಿ, ಸುತ್ತ ಹಲಗೆಗಳ ಮೇಲೆ ಊರವರ ದವಡೆಗಳ ಅಚ್ಚುಗಳು. ಆ ದವಡೆಗಳ ಜೊತೆ ಅವನು ಮಾತಾಡುತ್ತಾನೆಂದು ಕ್ಲಿನಿಕ್ಕಿಗೆ ಹೋಗಿಬಂದವರೆಲ್ಲ ನಗುತ್ತಿದ್ದರು. ಡಾಕ್ಟರು ಕೊರೆಯುತ್ತಿರುವಾಗ ಆಗಾಗ ಆ ಕೋಣೆಯಿಂದ "ಅಣ್ಣಾ, ಒಂದ್ನಿಮಿಷ ಬಾ" ಎಂಬ ಕೂಗು ಬರುತ್ತಿತ್ತು. ಡಾಕ್ಟರು ಗೊಣಗುತ್ತ ಎದ್ದುಹೋಗುವರು. ಅಷ್ಟರಲ್ಲಿ ಮೇಷ್ಟ್ರು ಬಾಯಿ ಮುಚ್ಚಿ, ಉಗುಳು ನುಂಗಿ, ಹೋದ ಜೀವವನ್ನು ವಾಪಸು ಕರೆಸಿಕೊಳ್ಳುವರು. ಕಳೆದ ಕೆಲವು ವಾರಗಳಿಂದ ಆ ಕೂಗು ಕೇಳಿರಲಿಲ್ಲ. ತಮ್ಮ ರಜೆ ಹಾಕಿರಬೇಕು ಎಂದುಕೊಂಡಿದ್ದರು.

ಕುರ್ಚಿಯ ಕಾನೂನು ಒಂದೇ. ಬಾಯಿಯೊಳಗೆ ಕನ್ನಡಿ, ಹತ್ತಿ, ನೀರು ಹೀರುವ ಕೊಳವೆ, ಡಾಕ್ಟರ ಬೆರಳುಗಳು ಎಲ್ಲವೂ ಸಂಸಾರ ಹೂಡಿರುವುದರಿಂದ ರೋಗಿ ಮಾತಾಡುವಂತಿಲ್ಲ. "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಎಂದು ಡಾಕ್ಟರು ಮೊದಲೇ ಹೇಳಿಬಿಡುತ್ತಿದ್ದರು. ಮೊದಲ ಸಲ ಮೇಷ್ಟ್ರು ನಂಬಿ ಎತ್ತಿದರು. ಡಾಕ್ಟರು ನಿಲ್ಲಿಸಿದ್ದೇನೋ ನಿಜ. ನಿಲ್ಲಿಸಿ, ಇನ್ನೊಂದು ಸೂಜಿ ತಂದು ವಸಡಿಗೆ ಚುಚ್ಚಿದರು. ಅಂದಿನಿಂದ ಮೇಷ್ಟ್ರ ಎಡಗೈ ಕುರ್ಚಿಯ ತೋಳು ಬಿಟ್ಟು ಅಲುಗಿದ್ದಿಲ್ಲ. ಕೊರೆದರೆ ಕೊರೆಯಲಿ, ಸೂಜಿ ಮಾತ್ರ ಬೇಡ.

ಇತ್ತ ಡಾಕ್ಟರಿಗೆ ಮಾತೆಂದರೆ ಪ್ರಾಣ. ಕೊರೆಯುವ ಯಂತ್ರ ಶುರುವಾದರೆ ಬಾಯಿಯೂ ಶುರುವಾಗುತ್ತಿತ್ತು. ಲೋಕದ ಸಂಗತಿ, ಮನೆಯ ಸಂಗತಿ, ಪಕ್ಕದ ಮನೆಯ ಸಂಗತಿ ಎಲ್ಲ ಮುಗಿಸಿ, ಕೊನೆಗೆ "ಏನಂತೀರಿ ಮೇಷ್ಟ್ರೇ?" ಎಂದು ಓರೆಗಣ್ಣಿನಲ್ಲಿ ಎಡಗೈ ನೋಡುವರು. ಅದು ಎದ್ದಿಲ್ಲ. "ಅದೇ ನಾನೂ ಹೇಳೋದು" ಎಂದು ಮತ್ತೆ ಕೊರೆಯುವರು. ಮೇಷ್ಟ್ರ ಹಲ್ಲುಗಳು ಒಂದಾದ ಮೇಲೊಂದು ಕೈಕೊಡುತ್ತ ಬಂದಿದ್ದರಿಂದ ಈ ಸಂವಾದ ವರ್ಷಗಟ್ಟಲೆ ನಡೆದಿತ್ತು. ತನ್ನನ್ನು ಪೂರ್ತಿ ಅರ್ಥ ಮಾಡಿಕೊಂಡವರು ಇಡೀ ಊರಿನಲ್ಲಿ ಇವರೊಬ್ಬರೇ ಎಂಬ ತೀರ್ಮಾನಕ್ಕೆ ಡಾಕ್ಟರು ಬಂದುಬಿಟ್ಟಿದ್ದರು. ಬೆಟ್ಟ ಹತ್ತುವುದು ನಿಶ್ಚಯವಾದದ್ದೂ ಹಾಗೇ. "ಭಾನುವಾರ ನೀವೂ ನಾನೂ ಬೆಟ್ಟಕ್ಕೆ ಹೋಗೋಣ. ಏನಂತೀರಿ?" ಎಂದಾಗ ನರದ ಕೊನೆಯ ತುಂಡು ಹೊರಬರುತ್ತಿತ್ತು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಡಾಕ್ಟರು ಅದನ್ನು ಸಂತೋಷಕ್ಕೆ ಎಂದುಕೊಂಡರು.

ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಡಾಕ್ಟರ ಕಾರು ಬಂದು ನಿಂತಿತು, ಹೊಚ್ಚ ಹೊಸದು, ಎಳೇ ಬಟಾಣಿಯ ಬಣ್ಣದ್ದು.

"ಹೇಗಿದೆ?" ಎಂದರು ಡಾಕ್ಟರು, ಬಾಗಿಲು ತೆರೆಯುತ್ತ. "ನೀವು ಹಸಿರೇ ಇರ್ಲಿ ಅಂದ ಮೇಲೆ ನಾನು ಬೇರೆ ಬಣ್ಣದ ಕಡೆ ತಿರುಗಿ ಕೂಡ ನೋಡಲಿಲ್ಲ."

ಕಾರಿಗೆ ಹಸಿರು ಬಣ್ಣ ಬಳಿದವನನ್ನು ಜೈಲಿಗೆ ಹಾಕಬೇಕು ಎಂಬುದು ಮೇಷ್ಟ್ರ ನಿಜವಾದ ಅಭಿಪ್ರಾಯ. "ಚೆನ್ನಾಗಿದೆ" ಎಂದು ಹತ್ತಿ ಕೂತರು. ಡಾಕ್ಟರು ಮಾತಾಡುವಾಗ ರಸ್ತೆ ನೋಡುತ್ತಿರಲಿಲ್ಲ. ಮಾತು ಕೇಳುವವರ ಬಾಯಿ ನೋಡುತ್ತಿದ್ದರು, ಅಭ್ಯಾಸಬಲ. ಮೇಷ್ಟ್ರ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಬೆಟ್ಟದ ಬುಡ ತಲುಪುವಷ್ಟರಲ್ಲಿ ಒಂದು ಬೆಟ್ಟ ಹತ್ತಿಳಿದಷ್ಟು ಸುಸ್ತಾಗಿದ್ದರು.

ದಾರಿ ಮೊದಮೊದಲು ಸುಖವಾಗಿತ್ತು. ಗಿಡಗಳಲ್ಲಿ ಹೂವು ಮುಗಿದು ಎಳೆಗಾಯಿ ಕೂತಿತ್ತು. ಉದುರಿದ ಪಕಳೆಗಳು ಕಾಲುದಾರಿಯ ಎರಡೂ ಅಂಚಿಗೆ ಸೇರಿ ಒಣಗುತ್ತಿದ್ದವು. ಹಳ್ಳದಲ್ಲಿ ನೀರು ಇನ್ನೂ ಇತ್ತು, ಆದರೆ ಸದ್ದು ಮಾಡುವಷ್ಟಿರಲಿಲ್ಲ. ಸದ್ದಿನ ಕೊರತೆಯನ್ನು ಡಾಕ್ಟರು ನೀಗಿಸಿದರು. ಮುಂದೆ ಅವರು, ಹಿಂದೆ ಮೇಷ್ಟ್ರು. ಏರು ಕಡಿದಾದಂತೆ ಮೇಷ್ಟ್ರಿಗೆ ಉಸಿರೇ ಸಾಲದಾಯಿತು, ಇನ್ನು ಉತ್ತರ ಎಲ್ಲಿಂದ ಬರಬೇಕು? ಹಲ್ಲಿನ ಕುರ್ಚಿಯನ್ನು ಯಾರೋ ಓರೆಯಾಗಿ ಬೆಟ್ಟಕ್ಕೆ ಒರಗಿಸಿಟ್ಟ ಹಾಗಿತ್ತು ಅವರ ಪಾಡು.

"ಇನ್ನೊಂದು ಹೇಳೋದು ಮರೆತೆ," ಎಂದರು ಡಾಕ್ಟರು ತಿರುಗದೆಯೇ. "ನೀವು ಹೇಳಿದ ಹಾಗೇ ನಮ್ಮ ಅತ್ತೆಗೆ ನೇರವಾಗಿ ಹೇಳಿಬಿಟ್ಟೆ."

"ಏನಂತ?"

"ಬಂದ್ರೆ ಒಂದು ವಾರ ಇದ್ದು ಹೋಗಿ, ಮೂರು ತಿಂಗಳು ಬೇಡ ಅಂತ. ಮನೇಲಿ ಸ್ವಲ್ಪ ಗಲಾಟೆ ಆಯ್ತು. ನಾನು ಹೆಂಡತಿಗೆ ಅಂದೆ, ಇದು ನನ್ನ ಮಾತಲ್ಲ, ಮೇಷ್ಟ್ರಂಥ ತಿಳಿದವರ ಮಾತು ಅಂತ."

ಮೇಷ್ಟ್ರು ಅಲ್ಲೇ ನಿಂತರು. ಡಾಕ್ಟರ ಹೆಂಡತಿ ಅವರ ಡ್ರೈವಿಂಗ್ ಸ್ಕೂಲಿನಲ್ಲೇ ಕಲಿಯುತ್ತಿದ್ದರು. ಈಚೆಗೆ ಆಕೆ ಕ್ಲಚ್ಚನ್ನು ಯಾಕೆ ಅಷ್ಟು ಸಿಟ್ಟಿನಿಂದ ತುಳಿಯುತ್ತಿದ್ದರು ಎಂಬುದು ಈಗ ಹೊಳೆಯಿತು. ಕುರ್ಚಿಯಲ್ಲಿ ಮಲಗಿ ತಾನು ಇನ್ನೂ ಏನೇನು ಹೇಳಿರಬಹುದು ಎಂದು ಯೋಚಿಸಿದರೆ ಬೆವರಿನ ಮೇಲೆ ಬೆವರು ಬಂತು.

ಬೆಟ್ಟದ ನಡುವಿನಲ್ಲಿ ಒಂದು ಚಪ್ಪಟೆ ಬಂಡೆ. ಡಾಕ್ಟರು ಚೀಲ ಇಳಿಸಿ, ಬ್ರೆಡ್ಡು, ಬೇಯಿಸಿದ ಮೊಟ್ಟೆ ತೆಗೆದರು. ಮೇಷ್ಟ್ರಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಎಡಗಡೆ ದವಡೆಯಿಂದ ಮಾತ್ರ ಅಗಿಯುವ ಕಟ್ಟಪ್ಪಣೆ ಇದ್ದುದರಿಂದ ಬಾಯಿ ತುಂಬ ತುಂಬಿಕೊಂಡು ನಿಧಾನವಾಗಿ ಅಗಿಯತೊಡಗಿದರು. ಡಾಕ್ಟರಿಗೆ ಇಂಥ ಬಾಯಿ ಕಂಡರೆ ಮಾತು ತಾನಾಗಿ ಬರುತ್ತದೆ.

"ಪ್ರತಿ ವರ್ಷ ಈ ಕಾಲಕ್ಕೆ ನಾನೂ ನನ್ನ ತಮ್ಮನೂ ಇಲ್ಲಿಗೆ ಬರ್ತಿದ್ವಿ," ಎಂದರು. "ಅಪ್ಪ ಇದ್ದಾಗಿನಿಂದ ನಡೆದುಬಂದಿದ್ದು. ನೀವೀಗ ಕೂತಿದ್ದೀರಲ್ಲ, ಅದು ಅವನ ಜಾಗ."

ಮೇಷ್ಟ್ರು ಅಗಿಯುತ್ತ ಹುಬ್ಬೇರಿಸಿದರು.

"ನೀವು ಹೇಳಿದ್ದೇ ಸರಿ ಮೇಷ್ಟ್ರೇ. ಕರುಳು ಅಂತ ನೋಡಿದ್ರೆ ಕೆಲಸ ಕೆಡುತ್ತೆ. ಇಷ್ಟು ವರ್ಷ ಆದ್ರೂ ಅವನಿಗೆ ಸ್ವಂತ ಬುದ್ಧಿ ಇಲ್ಲ. ನಾನು ಕೊರೀತಿರುವಾಗಲೇ ಕೂಗ್ತಾನೆ. ಅಣ್ಣಾ, ಬಣ್ಣ ಯಾವುದು ಹಾಕ್ಲಿ. ಅಣ್ಣಾ, ನಲ್ಲೀಲಿ ನೀರು ಬರ್ತಿಲ್ಲ. ಹೋಗಿ ನೋಡಿದ್ರೆ ನೀರು ಬರ್ತಾನೇ ಇರುತ್ತೆ. ಅವತ್ತು ನಿಮ್ಮನ್ನ ಕೇಳಿದ್ನಲ್ಲ, ಇವನನ್ನ ಕಳಿಸಿಬಿಡೋದೇ ವಾಸಿ, ಏನಂತೀರಿ ಅಂತ. ನೀವು ಬೇಡ ಅನ್ನಲಿಲ್ಲ. ಅದೇ ವಾರ ಕಳಿಸಿಬಿಟ್ಟೆ. ನಾಳೆ ಹೊಸಬ ಬರ್ತಾನೆ. ಹಿಂದಿನ ಕೋಣೆ ಬೀಗದ ಕೈ ಅವನಿಗೆ ಕೊಟ್ರೆ ಮುಗೀತು."

ಮೇಷ್ಟ್ರ ಗಂಟಲಲ್ಲಿ ಮೊಟ್ಟೆ ಸಿಕ್ಕಿಕೊಂಡಿತು. ಕೆಮ್ಮಿದರು, ಕಣ್ಣು ಕೆಂಪಗಾಯಿತು. ಡಾಕ್ಟರು ಬೆನ್ನು ತಟ್ಟಿದರು.

"ನಿಮಗೂ ಬೇಜಾರಾಗುತ್ತೆ, ನನಗೆ ಗೊತ್ತು. ನನಗೂ ಆಯ್ತು. ಆದ್ರೆ ನೀವು ಜೊತೆಗಿದ್ರಿ ಅನ್ನೋದೊಂದು ಧೈರ್ಯ."

ಇದಾದ ಮೇಲಿನ ಏರು ಮೇಷ್ಟ್ರಿಗೆ ನೆನಪೇ ಉಳಿಯಲಿಲ್ಲ. ಕಾಲು ತನ್ನ ಪಾಡಿಗೆ ಹತ್ತುತ್ತಿತ್ತು, ತಲೆಯೊಳಗೆ ಯುದ್ಧ ನಡೆದಿತ್ತು. ಅಣ್ಣತಮ್ಮಂದಿರನ್ನು ಬೇರೆ ಮಾಡಿದ ಪಾಪಿ ಎಂದು ಒಂದು ಮನಸ್ಸು ಉಗಿಯಿತು. ನಾನೇನು ಮಾಡಿದೆ, ಸುಮ್ಮನೆ ಬಿದ್ದುಕೊಂಡಿದ್ದೆ ಎಂದು ಇನ್ನೊಂದು ಮನಸ್ಸು ವಾದಿಸಿತು. ಈಗಲೇ ನಿಜ ಹೇಳಿಬಿಡಬೇಕು. ಹೇಳಿದರೆ ನಾಳೆ ಬೆಳಗ್ಗೆ ಅದೇ ಕುರ್ಚಿ, ಅದೇ ದೀಪ, ಡಾಕ್ಟರ ಮುಖ ಮಾತ್ರ ಸಿಟ್ಟಿನದು. ಹೇಳದಿದ್ದರೆ ನಾಳೆ ಬೆಳಗ್ಗೆಯೇ ಆ ತಮ್ಮನ ಕೋಣೆ ಪರರ ಪಾಲು. ಬೇರೆಯವರು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ತಪ್ಪು ತೋರಿಸುವುದೇ ಇಪ್ಪತ್ತು ವರ್ಷಗಳಿಂದ ಅವರ ಕಸುಬು. ನಡುರಸ್ತೆಯಲ್ಲಿ ಎಂಥೆಂಥವರಿಗೆ ಗದರಿದ ಮನುಷ್ಯ, ಒಂದು ಹಲ್ಲಿನ ಭಯಕ್ಕೆ ಬೆಕ್ಕಿನ ಮರಿಯಾಗಿದ್ದರು.

ಕಡೆಗೆ ಗಟ್ಟಿ ಮನಸ್ಸು ಮಾಡಿ, "ಡಾಕ್ಟ್ರೇ, ನಿಮ್ಮ ತಮ್ಮನ ವಿಷಯ ಇನ್ನೊಂದು ಸಲ ಯೋಚನೆ ಮಾಡಿದ್ರೆ..." ಎಂದು ಶುರುಮಾಡಿದರು.

"ನೋಡಿದ್ರಾ, ಇದೇ ನಿಮ್ಮ ದೊಡ್ಡ ಗುಣ," ಎಂದರು ಡಾಕ್ಟರು. "ಕಠಿಣ ಸಲಹೆ ಕೊಟ್ಟು ಆಮೇಲೆ ಒಳಗೊಳಗೇ ನೊಂದ್ಕೋತೀರಿ."

ಮೇಷ್ಟ್ರು ತಲೆ ತಗ್ಗಿಸಿ ಮತ್ತೆ ಹತ್ತತೊಡಗಿದರು.

ಬೆಟ್ಟದ ನೆತ್ತಿಯಲ್ಲಿ ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಕೆಳಗೆ ಊರು, ರಸ್ತೆ, ಒಂದು ಕಡೆ ಹಸಿರು ಚುಕ್ಕೆಯಾಗಿ ಡಾಕ್ಟರ ಕಾರು. ಅದನ್ನೆಲ್ಲ ನೋಡಲು ಇಬ್ಬರಿಗೂ ಆಗಲಿಲ್ಲ, ಏಕೆಂದರೆ ಅಲ್ಲಿ ಆಗಲೇ ಒಬ್ಬ ಕೂತಿದ್ದ. ಪಕ್ಕದಲ್ಲಿ ಟೀ ಫ್ಲಾಸ್ಕು, ಎರಡು ಲೋಟ. ಇನ್ನೊಂದು ಮಗ್ಗುಲಿನ ದಾರಿ ಹಿಡಿದು ಬಂದಿದ್ದ, ಡಾಕ್ಟರ ತಮ್ಮ.

ಡಾಕ್ಟರು ಗಕ್ಕನೆ ನಿಂತರು. "ಮೇಷ್ಟ್ರೇ," ಎಂದರು, ತಮ್ಮನ ಕಡೆ ನೋಡದೆ, "ಇವನು ಇಲ್ಲಿಗೆ ಯಾಕೆ ಬಂದ ಅಂತ ಕೇಳಿ."

"ಬೆಟ್ಟ ಯಾರಪ್ಪನ ಆಸ್ತೀನೂ ಅಲ್ಲ ಅಂತ ಹೇಳಿ ಮೇಷ್ಟ್ರೇ," ಎಂದ ತಮ್ಮ.

"ಅಪ್ಪನ ಸುದ್ದಿ ಎತ್ತಬೇಡ ಅನ್ನಿ ಅವನಿಗೆ."

"ಅವರು ನನಗೂ ಅಪ್ಪ ಅನ್ನಿ."

ಮೂವರೂ ಮಾರು ದೂರದಲ್ಲಿದ್ದರು. ಮಧ್ಯಸ್ಥರ ಅಗತ್ಯ ಯಾರಿಗೂ ಇರಲಿಲ್ಲ. ಮೇಷ್ಟ್ರು ಆಚೆ ಈಚೆ ಕತ್ತು ತಿರುಗಿಸಿ ಸಾಕಾಗಿ ಒಂದು ಕಲ್ಲಿನ ಮೇಲೆ ಕುಸಿದರು. ಆಗ ತಮ್ಮ ನೇರವಾಗಿ ಅವರನ್ನೇ ನೋಡಿದ.

"ನನ್ನನ್ನ ಕಳಿಸಿಬಿಡಿ ಅಂತ ನೀವು ಹೇಳಿದ್ರಂತೆ. ಅಣ್ಣನೇ ಹೇಳ್ದ. ನಾನು ನಿಮಗೇನು ಅನ್ಯಾಯ ಮಾಡಿದ್ದೆ ಮೇಷ್ಟ್ರೇ? ಹೋಗೋ ದಿನ ಕೂಡ ನಿಮ್ಮ ಕ್ಯಾಪು ಮುಗಿಸಿ ಡ್ರಾಯರಿನಲ್ಲಿ ಇಟ್ಟು ಹೋದೆ."

ಮೇಷ್ಟ್ರಿಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಾಳೆಯ ಕುರ್ಚಿ ಕಣ್ಣಮುಂದೆ ಬಂತು. ಬಂದರೆ ಬರಲಿ ಎಂದು ಎದ್ದು ನಿಂತರು.

"ನಾನು ಏನೂ ಹೇಳಲಿಲ್ಲಪ್ಪ. ಅವತ್ತೂ ಹೇಳಲಿಲ್ಲ, ಯಾವತ್ತೂ ಹೇಳಿಲ್ಲ. ಹಸಿರು ಕಾರೂ ನಾನು ಹೇಳಿದ್ದಲ್ಲ, ಅತ್ತೆ ವಿಷಯವೂ ನಾನು ಹೇಳಿದ್ದಲ್ಲ. ನಿಮ್ಮ ಅಣ್ಣ ಕೇಳ್ತಿದ್ರು, ನಾನು ಕೈ ಎತ್ತಲಿಲ್ಲ, ಅಷ್ಟೇ."

"ಮತ್ತೆ ಎತ್ತಬೇಕಾಗಿತ್ತು," ಎಂದರು ಡಾಕ್ಟರು. ಅವರ ಮುಖ ಕೆಂಪಗಾಗಿತ್ತು. "ಒಪ್ಪಿಗೆ ಇಲ್ದಿದ್ರೆ ಎತ್ತಬೇಕಾಗಿತ್ತು."

"ಎತ್ತಿದ್ರೆ ಸೂಜಿ ಚುಚ್ತಿದ್ರಿ."

"ಸೂಜಿ ನೋವಾದವರಿಗೆ. ನಿಮಗೆ ನೋವಿರಲಿಲ್ಲವಲ್ಲ."

"ಇತ್ತು ಡಾಕ್ಟ್ರೇ," ಎಂದರು ಮೇಷ್ಟ್ರು. "ಪ್ರತಿ ಸಲ ಇತ್ತು. ಪ್ರಾಣ ಹೋಗೋ ಅಷ್ಟು ಇತ್ತು. ಸೂಜಿ ಭಯಕ್ಕೆ ಹಲ್ಲು ಕಚ್ಚಿ ಸಹಿಸ್ಕೊಳ್ಳೋಣ ಅಂದ್ರೆ ನೀವು ಹಲ್ಲು ಕಚ್ಚೋಕೂ ಬಿಡ್ತಿರಲಿಲ್ಲ."

ಅತ್ತೆಯ ಗಲಾಟೆಯನ್ನೂ ತಮ್ಮನ ಅಗಲಿಕೆಯನ್ನೂ ತಡೆದುಕೊಂಡಿದ್ದ ಡಾಕ್ಟರು ಈ ಒಂದು ಮಾತಿಗೆ ಕುಗ್ಗಿಹೋದರು.

"ನೋವಿಲ್ಲ ಅಂತ ಬೋರ್ಡು ಹಾಕಿದೀನಲ್ಲ," ಎಂದರು ಕೊನೆಗೆ, ಯಾರಿಗೆಂದಿಲ್ಲದೆ. ಆಮೇಲೆ ಮಧ್ಯಸ್ಥರನ್ನು ಮರೆತು ತಮ್ಮನ ಕಡೆಗೇ ತಿರುಗಿದರು. "ಎಲ್ಲರಿಗೂ ಹೀಗೇ ಆಗುತ್ತೇನೋ?"

ತಮ್ಮ ನೆಲ ನೋಡಿದ. "ಆಗುತ್ತೆ ಅಣ್ಣ. ಹಿಂದಿನ ಕೋಣೆಗೆ ಎಲ್ಲ ಕೇಳಿಸ್ತಿತ್ತು. ಮುಲುಗೋರು, ಕಾಲು ಒದೀತಿದ್ರು. ನೀನು ಮಾತಿನ ಭರದಲ್ಲಿ ಇರ್ತಿದ್ದೆ."

"ಅದಕ್ಕೇ ಕೂಗ್ತಿದ್ದೆಯಾ ನೀನು?"

"ಇನ್ನೇನು ಮಾಡ್ಲಿ? ನಿಲ್ಲಿಸು ಅಂದ್ರೆ ನೀನು ನಿಲ್ಲಿಸ್ತಿದ್ದೆಯಾ? ನಲ್ಲೀಲಿ ನೀರಿಲ್ಲ ಅಂದ್ರೆ ನಿಲ್ಲಿಸ್ತಿದ್ದೆ."

ಮೇಷ್ಟ್ರು ತಮ್ಮನ ಹತ್ತಿರ ಹೋದರು. ಎಷ್ಟು ವರ್ಷದಿಂದ ಆ ಕೂಗಿನ ನೆರಳಿನಲ್ಲಿ ಉಸಿರು ತೆಗೆದುಕೊಂಡಿದ್ದೆ, ಯಾರು ಯಾಕೆ ಕೂಗಿದರೆಂದು ಒಮ್ಮೆಯಾದರೂ ಕೇಳಲಿಲ್ಲವಲ್ಲ ಎಂದುಕೊಂಡರು. ಕೈ ಹಿಡಿದು ಏನಾದರೂ ದೊಡ್ಡ ಮಾತು ಹೇಳಬೇಕೆನ್ನಿಸಿ, "ನೀನು ದೇವರಂಥವನು ಕಣಪ್ಪ" ಎಂದರು.

"ದೇವರೂ ಇಲ್ಲ, ಎಂಥದೂ ಇಲ್ಲ," ಎಂದ ತಮ್ಮ ಮುಖ ಸಿಂಡರಿಸಿ. "ಆ ಮುಲುಕಾಟ ಕೇಳಿದ್ರೆ ನನ್ನ ಕೈ ನಡುಗಿ ಹಲ್ಲು ಸೊಟ್ಟ ಆಗ್ತಿತ್ತು. ಎಷ್ಟು ಜನ ಸೊಟ್ಟ ಹಲ್ಲು ಹಾಕ್ಕೊಂಡು ಓಡಾಡ್ತಿದ್ದಾರೆ ಗೊತ್ತಾ ನಿಮಗೆ?"

ಡಾಕ್ಟರು ಅವನ ಪಕ್ಕದಲ್ಲೇ ಕೂತುಬಿಟ್ಟರು. ತಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿದ. ಒಂದು ಲೋಟ ಅಣ್ಣನಿಗೆ, ಇನ್ನೊಂದು ಮೇಷ್ಟ್ರಿಗೆ, ತನಗೆ ಮುಚ್ಚಳ. ಡಾಕ್ಟರು ಒಣ ರಸ್ಕೊಂದನ್ನು ಟೀಯಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡಿ, ಎಡಗಡೆಯಿಂದಲೇ ಅಗಿಯುತ್ತಿದ್ದರು. ತಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಎಷ್ಟು ದಿನದಿಂದ?" ಎಂದ.

"ಏನು?"

"ಬಲಗಡೆ ಹಲ್ಲು. ಅಗಿಯೋದು ನೋಡಿದ್ರೆ ಗೊತ್ತಾಗಲ್ವಾ?"

ಡಾಕ್ಟರು ಆಚೆ ಈಚೆ ನೋಡಿದರು, ರೋಗಿಗಳು ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂಬಂತೆ. "ಚಳಿಗಾಲದಿಂದ," ಎಂದರು ಮೆಲ್ಲಗೆ. "ರಾತ್ರಿ ಹೊತ್ತು ಸಿಡಿಯುತ್ತೆ."

"ಯಾರಿಗೂ ತೋರಿಸಲಿಲ್ವಾ?"

"ಭಯ ಆಗುತ್ತೆ ಕಣೋ."

ಮೇಷ್ಟ್ರು ಟೀ ಲೋಟದೊಳಗೆ ಮುಖ ಮರೆಸಿಕೊಂಡರು. ನಗು ಬಂದರೆ ಈಗ ನಗಬಾರದು ಎಂಬಷ್ಟು ಬುದ್ಧಿ ಇತ್ತು.

"ಬಿಸಿಲಿಗೆ ಮುಖ ಮಾಡಿ ಬಾಯಿ ತೆಗಿ," ಎಂದ ತಮ್ಮ.

"ನೀನು ಅಚ್ಚಿನ ಹಲ್ಲು ನೋಡೋನು. ನಿನಗೇನು ಗೊತ್ತಾಗುತ್ತೆ?"

"ಅದೂ ಹಲ್ಲೇ. ತೆಗಿ."

ಡಾಕ್ಟರು ಬಂಡೆಗೆ ತಲೆಯೊರಗಿಸಿ ಬಾಯಿ ತೆರೆದರು. ತಮ್ಮ ಬಾಟಲಿ ನೀರಿನಲ್ಲಿ ಕೈ ತೊಳೆದು, ಒಂದು ಕೈಯಲ್ಲಿ ಗದ್ದ ಹಿಡಿದು, ಇನ್ನೊಂದರ ಬೆರಳು ಒಳಗೆ ಹಾಕಿ ದವಡೆಯನ್ನು ಮೆಲ್ಲಗೆ ತಡವಿದ. ಹಲ್ಲು ಸಿಕ್ಕಿತು. ಬೆರಳನ್ನು ಅಲ್ಲೇ ಬಿಟ್ಟು ಮಾತಾಡಿದ.

"ಈಗ ನಾನು ಹೇಳ್ತೀನಿ, ಕೇಳು. ನಾನು ಹೋದ ದಿನ ಚೀಲ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ನೀನು ಬಂದು ಇರೋ ಅಂತೀಯ ಅಂತ. ನೀನು ಒಳಗೆ ಮೇಷ್ಟ್ರ ಬಾಯಲ್ಲಿ ಕೈ ಇಟ್ಕೊಂಡು ಕಾರಿಗೆ ಹಸಿರು ಒಳ್ಳೇದಾ, ನೀಲಿ ಒಳ್ಳೇದಾ ಅಂತ ಕೇಳ್ತಾ ಇದ್ದೆ. ಬಸ್‌ಸ್ಟಾಪಲ್ಲಿ ಬಂದ ಬಸ್ಸೆಲ್ಲ ಬಿಟ್ಟೆ. ಕತ್ತಲಾಯ್ತು ಅಂತ ಹತ್ತಿದೆ. ಈಗ ಇನ್ನೊಂದು ಕಡೆ ಕೆಲಸಕ್ಕೆ ಹೋಗ್ತಿದೀನಿ. ಚೆನ್ನಾಗೇ ನೋಡ್ಕೋತಾರೆ. ಎಷ್ಟು ತಪ್ಪು ಮಾಡಿದ್ರೂ ಯಾರೂ ಬೈಯಲ್ಲ. ಅಮ್ಮ ಹೋದ ಮೇಲೆ ನನ್ನನ್ನ ಬೈಯೋಕೆ ಅಂತ ಇದ್ದೋನು ನೀನೊಬ್ಬನೇ ಅಣ್ಣ."

ಡಾಕ್ಟರ ಗಂಟಲು ಏನೋ ಸದ್ದು ಮಾಡಿತು. ತಮ್ಮ ಬೆರಳು ತೆಗೆಯಲಿಲ್ಲ.

"ಈ ಬೆಟ್ಟಕ್ಕೆ ಬೇರೆಯವರನ್ನ ಕರ್ಕೊಂಡು ಬಂದೆ ನೀನು. ಅದೊಂದು ಮಾಡಬಾರದಾಗಿತ್ತು. ಮೇಷ್ಟ್ರು ಒಳ್ಳೆಯವರೇ, ಅವರ ಮೇಲೆ ನನಗೇನೂ ಇಲ್ಲ. ಆದ್ರೂ ಮಾಡಬಾರದಾಗಿತ್ತು. ಈಗ ಹೇಳು. ನಾಳೆ ಆ ಕೋಣೆಗೆ ಅವನು ಬರೋದಾ, ನಾನು ಬರೋದಾ?"

ಇಷ್ಟು ಹೇಳಿ ಬೆರಳು ಹೊರತೆಗೆದ. ನೀರು ಸುರಿದುಕೊಂಡು ಕೈ ತೊಳೆದು, ಅಂಗಿಗೆ ಒರೆಸಿಕೊಂಡು, ಅಣ್ಣನ ಎದುರಿಗೆ ಕೂತ. ಉತ್ತರಕ್ಕೆ ಕಾದ.

ಡಾಕ್ಟರು ಬಾಯಿ ಮುಚ್ಚಿದರು. ಮಾತು ಬಂದ ದಿನದಿಂದ ಅವರಿಗೆ ಇಂಥ ಗತಿ ಬಂದಿರಲಿಕ್ಕಿಲ್ಲ. ತುಟಿ ಅಲುಗಿತು, ಶಬ್ದ ಹೊರಡಲಿಲ್ಲ. ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಮೇಷ್ಟ್ರು ನೋಡಬಾರದೆಂದು ಆಚೆ ತಿರುಗಿದರೂ ಕಿವಿಯನ್ನು ಇತ್ತಲೇ ಬಿಟ್ಟಿದ್ದರು.

"ನೋವಾಯ್ತು ಕಣೋ," ಎಂದರು ಡಾಕ್ಟರು.

"ಹಲ್ಲು ಮುಟ್ಟಿದ್ದಕ್ಕಾ?"

"ಹಲ್ಲು ಹಾಳಾಗಿಹೋಗ್ಲಿ." ಅಂಗೈಯಲ್ಲಿ ಮುಖ ಒರೆಸಿಕೊಂಡರು. "ನೀನೇ ಬಾ. ಹೊಸಬನಿಗೆ ಇವತ್ತೇ ಫೋನ್ ಮಾಡಿ ಹೇಳ್ತೀನಿ. ಬೆಳಗ್ಗೆ ಬೇಗ ಬಾ. ಮೇಷ್ಟ್ರ ಕ್ಯಾಪು ಇದೆ."

"ಬರ್ತೀನಿ. ಆದ್ರೆ ನಿನ್ನ ಹಲ್ಲು ಮೊದಲು. ಅದು ಬುಡದ ತನಕ ಹೋಗಿದೆ, ಬಿಟ್ರೆ ಮುಖ ಊದಿಕೊಳ್ಳುತ್ತೆ. ಇವತ್ತು ಇಳಿದ ತಕ್ಷಣ ಆಸ್ಪತ್ರೆ ರಸ್ತೆ ಡಾಕ್ಟ್ರಿಗೆ ತೋರಿಸೋಣ. ಭಾನುವಾರವೂ ತೆಗೆದಿರ್ತಾರೆ."

ಡಾಕ್ಟರು ನೆಟ್ಟಗೆ ಎದ್ದು ಕೂತರು. ಮುಖದಲ್ಲಿ ಅಲ್ಲಿಯವರೆಗೆ ಇದ್ದ ದುಃಖವೆಲ್ಲ ಹೋಗಿ ಅಪ್ಪಟ ಗಾಬರಿ ಬಂದು ಕೂತಿತು.

"ಯಾರು, ಅವನಾ? ಅವನ ಹತ್ರ ಮಾತ್ರ ಕರ್ಕೊಂಡು ಹೋಗಬೇಡ," ಎಂದರು, ತಮ್ಮನ ಕೈ ಹಿಡಿದುಕೊಂಡು. "ಬಾಯಿ ತೆಗೆಸಿ ಕೂರಿಸಿ ಮಾತಾಡ್ತಾನೇ ಇರ್ತಾನೆ ಕಣೋ. ಎದುರಿಗಿರೋನು ಏನಾದ್ರೂ ಹೇಳ್ತಾನೇನೋ ಅಂತ ನೋಡೋದೂ ಇಲ್ಲ."